ಹತ್ತೊಂಬತ್ತರಲ್ಲಿ ಒಂದೆಳೆ

ಉಮ್ಮುಲ್ ಖುವೈನಿನ ಹಿನ್ನೀರಲ್ಲಿ, ಶುಕ್ರವಾರ,
ಹದಿನೆಂಟಡಿ ದೋಣಿಯ ಕೂವೆಮರ ಇಳಿಸಿದೆವು.

ವಾರವಿಡೀ ನಾನು ಲಿಫ್ಟಿನ ಹಗ್ಗ ನೋಡುವವ,
ನಲವತ್ತು ಮಾಳಿಗೆಯ ಭಾರ ಬೆರಳಿಗೆ ಗೊತ್ತು.
ಇಲ್ಲಿ ಹತ್ತಿಯುಂಡೆ ಹಿಡಿದು ಉಕ್ಕಿನ ತಂತಿಯನ್ನು
ಮೇಲಿಂದ ಕೆಳಗೆ ಸವರಿದೆ.
ಬುಡದ ಹಿಡಿಕೆಯ ಹತ್ತಿರ ಹತ್ತಿ ಸಿಕ್ಕಿಕೊಂಡಿತು:
ಹತ್ತೊಂಬತ್ತರಲ್ಲಿ ಒಂದೆಳೆ ಮುರಿದಿತ್ತು, ಅಷ್ಟೇ.

"ಒಂದೇ ತಾನೇ," ಅಂದ ಹಿಲರಿ.
ಉಳಿದ ಹದಿನೆಂಟು ಏನೂ ಹೇಳಲಿಲ್ಲ.

ಬಿಚ್ಚಿದೆವು. ಬದಲಿಗೆ ಬೂದು ಬಣ್ಣದ ನೂಲುಹಗ್ಗ,
ಉಕ್ಕಿಗಿಂತ ಗಟ್ಟಿಯಂತೆ, ಕೈಗೆ ಜಡೆಯಷ್ಟು ಹಗುರ.
ತುದಿಯನ್ನು ಅದರೊಳಗೇ ತೂರಿಸಿ
ಕಣ್ಣು ಹೆಣೆದೆ.
ಬದಿಯ ಕೊಂಡಿಗಳನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ
ಹೊಸ ತೂತು ಕೊರೆದೆ.

ಸಂಜೆಗೆ ಕೂವೆ ಎದ್ದು ನಿಂತಿತು.
ಮೀಟಿದೆ, ನಾದವಿಲ್ಲ.
ಉಕ್ಕು ತನ್ನ ಬಿಗಿತವನ್ನು ಹಾಡಿ ಹೇಳುತ್ತಿತ್ತು,
ಇದು ಮೂಕ; ಗಾಳಿಗೆ ಒಪ್ಪಿಸಿದ ಮೇಲೆಯೇ
ಎಷ್ಟು ಸಡಿಲವೆಂದು ಬಾಯಿಬಿಟ್ಟೀತು.
ಮೂರು ಸಲ ಹೋಗಿ ಬಂದು ಮೂರು ಸಲ ಬಿಗಿದೆವು,
ಬೆರಳ ಸಂದು ಉಪ್ಪಿಗೆ ಉರಿಯುತ್ತಾ.

ಹಳೆಯ ತಂತಿ ಈಗ ನಮ್ಮ ತಾರಸಿಯಲ್ಲಿ.
ಶಮಾಲ್ ಬೀಸಿದ ದಿನ ಅಂಗಿಗಳೆಲ್ಲ ಉಬ್ಬಿ
ಕಟ್ಟಡವನ್ನೇ ಮರಳುಗಾಡಿನತ್ತ ಎಳೆಯುತ್ತವೆ.
ಆ ಒಂದೆಳೆ ಮಾತ್ರ
ಹಿಲರಿಯ ಬನಿಯನ್ ಹಿಡಿದುಕೊಂಡು
ಬಿಡುವುದಿಲ್ಲ.