ಒಂದು ಗಂಟೆ ಮುಂಚೆ

ಗೋಡೆ ಗಡಿಯಾರ ಹಿಂದಕ್ಕೆ ತಿರುಗಿಸುವುದು ಮರೆತೆ.
ಪ್ರತಿ ವರ್ಷ ಸ್ಟೂಲು ಹತ್ತುತ್ತಿದ್ದವನು ಅವನು.
ಏಪ್ರಿಲಿನ ಮೊದಲ ಭಾನುವಾರ ಈ ದೇಶ
ಬೇಸಗೆಗೆಂದು ಕಡ ತಂದ ಒಂದು ಗಂಟೆಯನ್ನು
ರಾತ್ರೋರಾತ್ರಿ ವಾಪಸು ಕೊಡುತ್ತದೆ.
ಈ ಸಲ ಅದೇ ದಿನ ಈಸ್ಟರ್.
ಬಲ್ಲರಾಟಿನ ಹಳೆಯ ಸ್ಮಶಾನದ ಗೇಟಿನೆದುರು
ಆರಾಧನೆಗೆ ಒಂದು ಗಂಟೆ ಮುಂಚೆಯೇ ಬಂದು ನಿಂತೆ,
ಕೈಯಲ್ಲಿ ಸೇವಂತಿಗೆ, ಸುತ್ತ ಕತ್ತಲೆ.

ಇಲ್ಲಿ ಹಬ್ಬ ಬರುವುದು ಎಲೆ ಉದುರುವ ಕಾಲಕ್ಕೆ.
ಪಾದ್ರಿಯವರ ಪ್ರಸಂಗದಲ್ಲಿ ಮಾತ್ರ ಚಿಗುರು, ಮೊಟ್ಟೆ, ವಸಂತ;
ಹೊರಗೆ, ಚಿನ್ನ ಅಗೆಯಲು ಬಂದವರು ನೆಟ್ಟ ಎಲ್ಮ್ ಮರಗಳು
ಹಳದಿ ಎಲೆಗಳನ್ನು ಲೆಕ್ಕ ಹಾಕಿದಂತೆ ಒಂದೊಂದೇ ಕೆಳಗಿಡುತ್ತವೆ.
ನನಗೇನೋ ಇದೇ ಸರಿ ಅನಿಸುತ್ತದೆ.
ಚಿಗುರಿನ ಸಾಕ್ಷಿ ಬೇಡದ ನಂಬಿಕೆ ಇದ್ದರೆ ಇರಲಿ,
ಇಲ್ಲವಾದರೆ ಬೇಡ.

ಸಂಜೀವ ಹೋಗಿ ಇನ್ನೂ ನೂರು ದಿನ ಆಗಿಲ್ಲ.
ಹಂಚಿನ ಕಾರ್ಖಾನೆಯ ಮೇಸ್ತ್ರಿಯ ಮೊಮ್ಮಗ,
ಹೆಸರಲ್ಲೇ ಜೀವ ಇಟ್ಟುಕೊಂಡು ಬಂದವನು.
ಅಂದು ಜೆಪ್ಪುವಿನಿಂದ ಫೋನಿನಲ್ಲಿ ಸಲೋಮಿಯತ್ತೆ:
“ಸುಮ್ಮನಿರು ಮಾರಾಯ್ತಿ, ಅತ್ತರೆ ಸತ್ತವರು ಎದ್ದು ಬರ್ತಾರಾ?”
ಅರವತ್ತು ವರ್ಷ ಗಾಯನ ಮಂಡಳಿಯ ಮುಂದಿನ ಸಾಲಿನಲ್ಲಿ
ಸಮಾಧಿ ಬರಿದಾಯಿತೆಂದು ಹಾಡಿದ ಬಾಯಿ ಅದು.
ನಾನು ನಕ್ಕೆ. ಅತ್ತೆಯೂ ಕ್ಷಣ ತಡೆದು ನಕ್ಕರು.
ಆಮೇಲೆ ಇಬ್ಬರೂ ಫೋನು ಇಡಲಾರದೆ ಅತ್ತೆವು.

ಗೇಟು ತೆರೆದೇ ಇತ್ತು. ಒಳಗೆ ಯಾರೋ
ಗೋರಿಗಳ ನಡುವೆ ಎಲೆ ಗುಡಿಸುತ್ತಿದ್ದ. ಹಣೆಗೆ ಕಟ್ಟಿದ ದೀಪ.
ತಿರುಗಿದ. ಮುಖ ಕಾಣಲಿಲ್ಲ,
ಕತ್ತಲಲ್ಲಿ ಕೊರೆದ ಬೆಳಕಿನ ತೂತು ಅಷ್ಟೇ.
ಎದೆ ಧಸಕ್ಕೆಂದಿತು, ಸುಳ್ಳು ಹೇಳುವುದಿಲ್ಲ.
ಸಂಡೇ ಸ್ಕೂಲಿನ ಚಾಪೆಯ ಮೇಲೆ ಕೇಳಿದ್ದು:
ಇಂಥದೇ ನಸುಕು, ಇಂಥದೇ ತೋಟ,
ಅಳುವ ಹೆಂಗಸು, ಗುರುತು ತಪ್ಪಿದ ಕಣ್ಣು.

“ಬೇಗ ಬಂದಿರಿ,” ಅಂದ. ದೀಪ ಆರಿಸಿದ.
ಕೌನ್ಸಿಲಿನ ಕಿತ್ತಳೆ ಜಾಕೀಟು, ಎದೆಯ ಮೇಲೆ ಹೆಸರು: ನೆವಿಲ್.
ನಿನ್ನೆಯ ಡ್ಯೂಟಿಯ ಬ್ಯಾಡ್ಜು ನನ್ನ ಕೋಟಿನಲ್ಲೇ ಉಳಿದಿತ್ತು,
ಕಣ್ಣು ಕಿರಿದು ಮಾಡಿ ಓದಿದ: “ಡೇ... ಯಾ... ವಾಟಿ?”
ಹೆಸರು ಹಿಡಿದು ಕರೆದೊಡನೆ ಗುರುತು ಹತ್ತಿತಂತೆ ಅವಳಿಗೆ.
ನನ್ನ ಹೆಸರೋ, ಈ ಊರಲ್ಲಿ ಇಪ್ಪತ್ತು ವರ್ಷದಿಂದ
ಯಾರ ನಾಲಿಗೆಯ ಮೇಲೂ ಪೂರ್ತಿ ಎದ್ದು ಕೂತಿಲ್ಲ.
ದಯಾವತಿ ಎಂದು ಸರಿಯಾಗಿ ಅನ್ನುತ್ತಿದ್ದವನು
ಹನ್ನೊಂದನೆಯ ಸಾಲಿನಲ್ಲಿ ಮಲಗಿದ್ದಾನೆ.
ಮಣ್ಣು ಇನ್ನೂ ಕೂತಿಲ್ಲ.
ಉರುಳಿಸೋಣವೆಂದರೆ ಕಲ್ಲು ಕೂಡ ಇಲ್ಲ.

ಫ್ಲಾಸ್ಕಿನಿಂದ ಟೀ ಬಗ್ಗಿಸಿದ. ಶಿಲುಬೆ ಗುರುತಿನ ಬನ್ನು ಒಂದೇ ಇತ್ತು.
ಮಣ್ಣು ಹತ್ತಿದ ಕೈಯಲ್ಲೇ ಮುರಿದು ದೊಡ್ಡ ತುಂಡು ನನಗೆ ಕೊಟ್ಟ.
ಅಂಗೈಯ ಅಂಚಿಗೆ ಹಳೆಯ ಗಾಯದ ಕಲೆ.
ಹುಲ್ಲು ಕೊಯ್ಯುವ ಯಂತ್ರದ್ದು, ಅಂದ, ನಾನು ಕೇಳದಿದ್ದರೂ.
“ನಿಮಗೆ ಇದರಲ್ಲೆಲ್ಲ ನಂಬಿಕೆಯಾ?” ಕೇಳಿಬಿಟ್ಟೆ.
ಸಾಲುಗಳ ಕಡೆ ನೋಡಿದ.
“ಇಪ್ಪತ್ತಾರು ವರ್ಷ ಇಲ್ಲಿದ್ದೇನೆ. ಯಾರೂ ಎದ್ದಿಲ್ಲ.”
ಟೀ ಗುಟುಕರಿಸಿದ.
“ಆದರೂ ರಾತ್ರಿ ಗೇಟಿಗೆ ಬೀಗ ಹಾಕಲು ಮನಸ್ಸು ಬರುವುದಿಲ್ಲ.”

ಇಲ್ಲ, ಅವನು ಮೆಸ್ಸೀಯನಲ್ಲ. ನೆವಿಲ್. ತೋಟಗಾರ.
ಮರಿಯಳ ತಪ್ಪನ್ನು ತಿರುವುಮುರುವಾಗಿ ಮಾಡಹೋಗಿ
ನಾನು ಅರ್ಧಕ್ಕೆ ನಿಂತೆ.
ವರ್ಷಗಟ್ಟಲೆ ಜೊತೆಗೆ ಉಂಡು ನಡೆದವರಿಗೇ
ದಾರಿಯುದ್ದಕ್ಕೂ ಅವನು ಯಾರೋ ಪರಸ್ಥಳದವನು;
ನಿದ್ದೆಗೆಟ್ಟ ನನ್ನ ಕಣ್ಣಿನ ಪಾಡೇನು?
ಆದರೆ ಒಂದು ಅನುಮಾನ ಇವತ್ತೇ ಹುಟ್ಟಿತು:
ತೋಟಗಾರ ಎಂದುಕೊಂಡಳಲ್ಲ ಆ ಹೆಂಗಸು,
ಅದು ತಪ್ಪೇ ಆಗಿರಲಿಲ್ಲವೇನೋ.

ಬೇಲಿಯ ಮೇಲೆ ಮ್ಯಾಗ್‌ಪೈ ಹಕ್ಕಿ ಗಂಟಲು ಸರಿಮಾಡಿಕೊಂಡಿತು.
ದೂರದಲ್ಲಿ ಕಾರುಗಳ ದೀಪ;
ಸರಿಯಾದ ಗಡಿಯಾರದವರು ಬರತೊಡಗಿದ್ದರು.
ಹನ್ನೊಂದನೆಯ ಸಾಲು ಇನ್ನೂ ಗುಡಿಸಿರಲಿಲ್ಲ.
ನೆವಿಲ್ ಒಂದೂ ಮಾತಾಡದೆ
ಪೊರಕೆಯನ್ನು ನನ್ನ ಕೈಗೆ ಕೊಟ್ಟ.