ಒಂದೇ ಚೆಂಡು

ಗೋಣಿಕೊಪ್ಪದ ವೇಬ್ರಿಡ್ಜಿನಲ್ಲಿ ನನ್ನದು ರಾತ್ರಿ ಪಾಳಿ.
ಲಾರಿ ಬರದ ಹೊತ್ತಿಗೆ ಮೊಬೈಲೇ ಗತಿ.
ಇಲ್ಲಿ ಬೆಳಗಿನ ಐದೂವರೆ,
ಅಲ್ಲಿಗಿನ್ನೂ ನಿನ್ನೆ ಮುಗಿದಿಲ್ಲ:
ದೀಪದ ಕಂಬದಡಿ ಬೇಸ್‌ಬಾಲಿನ ಹುಲ್ಲು,
ದೊಣ್ಣೆ ಎತ್ತಿ ನಿಂತವನ ಬಾಯಲ್ಲಿ ಏನೋ ಜಗಿತ.
ಅವನು ಹೋಮ್ ರನ್ ಹೊಡೆಯುತ್ತಾನೆಂದು
ನಾನು ಕಟ್ಟಿ ಕೂತಿದ್ದೇನೆ.

ವಾಕಿಂಗ್ ಹೊರಟ ಚೋಂದಮ್ಮ ಮಿಸ್ಸು
ಕಿಟಕಿಗೆ ಕೋಲು ಕುಟ್ಟಿದರು.
"ಏನೋ ಅಯ್ಯೂಬ, ಎಷ್ಟು ಕಳಕೊಂಡೆ?"
ಇನ್ನೂರು, ಎಂದೆ.

ಮೂವತ್ತೊಂದು ವರ್ಷ ಪೀಟಿ ಹೇಳಿಕೊಟ್ಟವರು,
ಸುಳ್ಳು ತೂಗಲು ಅವರಿಗೆ ಬ್ರಿಡ್ಜು ಬೇಡ.
ಒಳಗೆ ಬಂದು, ಸ್ಟೂಲೆಳೆದು,
ಮೂಟೆಯಿಂದ ಸೋರಿ ಬಿದ್ದ ಕರಿಮೆಣಸು ಹೆಕ್ಕಿ
ಐದು ಕಾಳು ಮೇಜಿನ ಮೇಲೆ ಸಾಲಿಟ್ಟರು.

"ಐದು ದಿನ ಆಡಿದರೆ ಒಂದು ದಿನ
ಬೇಲಿ ದಾಟಿಸುತ್ತಾನೆ ಇವನು, ಅಂತಿಟ್ಟುಕೋ.
ದಿನಕ್ಕೊಂದು ಕಾಳು ಕಟ್ಟು.
ನಾಲ್ಕು ದಿನ, ನಾಲ್ಕು ಕಾಳು, ಹೋಯಿತು.
ಐದನೆಯ ದಿನ ಗೆದ್ದೆ.
ಕಟ್ಟಿದ ಕಾಳು ವಾಪಸು, ಅದರ ಮೇಲೆ
ಎಷ್ಟು ಕೊಟ್ಟರೆ ನಿನಗೆ ಸಮ?"
ನಾಲ್ಕು.
"ನಿನ್ನ ಮೊಬೈಲು ಎಷ್ಟು ಕೊಡುತ್ತೆ?"
ನೋಡಿದೆ. ಮೂರು.
ಮಿಸ್ಸು ಒಂದು ಕಾಳೆತ್ತಿ ಬಾಯಿಗಿಟ್ಟು
ಕಟಕ್ಕನೆ ಕಡಿದರು.
"ಇದು ಅಂಗಡಿಯವನದು.
ಅವನು ಆಟ ನೋಡುವುದೇ ಇಲ್ಲ."

ನಾನು ಬಿಡಲಿಲ್ಲ. ಗಾಳಿಯ ಮಾತೆತ್ತಿದೆ,
ಎಸೆಯುವವನ ಎಡಗೈಯ ಮಾತು,
ಚಳಿಗೆ ಚೆಂಡು ಸೋಮಾರಿಯಾಗುವುದು,
ಎತ್ತರದ ಊರಿನಲ್ಲಿ ಗಾಳಿ ನೀರುಹಾಲಿನಷ್ಟು ತೆಳುವಾಗಿ
ಚೆಂಡನ್ನು ತಡೆಯಲಾರದೆ ಬಿಟ್ಟುಕೊಡುವುದು.
ರಾತ್ರಿಯೆಲ್ಲ ಓದಿದ್ದೆನಲ್ಲ.
"ಸರಿಯೇ ಹೇಳಿದೆ," ಎಂದರು. "ಆದರೆ
ನಿನಗೆ ಗೊತ್ತಾದದ್ದು ಅವನಿಗೆ ನಿನ್ನೆಯೇ ಗೊತ್ತು.
ಮೂರನ್ನು ಎರಡೂವರೆ ಮಾಡಿಟ್ಟೇ ಮಲಗಿದ್ದಾನೆ."

ನೀವು ಹೊಡೆದಿದ್ದೀರಾ ಮಿಸ್, ಯಾವತ್ತಾದರೂ?

ಕೋಲಿನ ತುದಿಯಿಂದ ನೆಲಕ್ಕೆ ಏನೋ ಗೀಚಿದರು,
ಚೌಕವೋ, ಮೈದಾನವೋ.
"ಒಂದು ಸಲ. ಮಡಿಕೇರಿ, ಕಾಲೇಜಿನ ಸಾಫ್ಟ್‌ಬಾಲು.
ಬೇಲಿಯೆಲ್ಲಿ ನಮಗೆ! ಹುಲ್ಲು ಮುಗಿದಲ್ಲಿ ಕಣಿವೆ.
ಎರಡು ತಂಡಕ್ಕೂ ಸೇರಿ ಒಂದೇ ಚೆಂಡು.
ಹೊಡೆದೆ ನೋಡು, ಕೈಗೆ ಏನೂ ತಾಗಿದಂತೆಯೇ ಆಗಲಿಲ್ಲ,
ಬೆಣ್ಣೆಗೆ ಚಾಕು.
ಮಂಜಿನೊಳಗೆ ಹೋಯಿತು.
ಓಡಿದೆ, ಒಂದು ಸುತ್ತು ಮುಗಿಸಿ ಮನೆ ತಲುಪಿ ತಿರುಗಿದರೆ
ಚಪ್ಪಾಳೆಯಿಲ್ಲ. ಇಪ್ಪತ್ತು ಹುಡುಗಿಯರು
ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿದ್ದಾರೆ.
ಆಟ ಅಲ್ಲಿಗೆ ನಿಂತಿತು. ಚೆಂಡಿನ ದುಡ್ಡು,
ಹದಿನೆಂಟು ರೂಪಾಯಿ, ನನ್ನ ಕೈಯಿಂದ ಕಟ್ಟಿಸಿದರು."

"ನಮ್ಮ ಬೊಳ್ಳಮ್ಮ ನನ್ನ ಮೇಲೆ ಕಟ್ಟಿದ್ದಳು,
ಕ್ಯಾಂಟೀನಿನ ಎರಡು ಪ್ಲೇಟು ನೂಲ್‌ಪುಟ್ಟು.
ಸೋತವಳು ಕೊಡಲೇ ಇಲ್ಲ.
ಬಿದ್ದದ್ದನ್ನು ಯಾರು ನೋಡಿದರು, ಅಂದಳು.
ಮೊನ್ನೆ ಮದುವೆಯಲ್ಲಿ ಸಿಕ್ಕಾಗಲೂ
ಬೊಳ್ಳಮ್ಮ ಅದೇ ಪ್ಲೇಟು ಕೇಳುತ್ತಿದ್ದಳು."

ನಕ್ಕರು. ನಾನೂ ನಕ್ಕೆ.
ಹೂಮಳೆ ಬಿದ್ದು ಮೂರು ದಿನ;
ಕಾಫಿ ಹೂವಿನ ವಾಸನೆ
ಡೀಸೆಲಿನೊಂದಿಗೆ ಒಳಗೆ ಬರುತ್ತಿತ್ತು.
ಪರದೆಯಲ್ಲಿ ದೊಣ್ಣೆ ಬೀಸಿತು,
ಚೆಂಡು ಎದ್ದಿತು, ಜನ ಎದ್ದರು,
ಅಷ್ಟರಲ್ಲಿ ಹೊರಗೆ ಹಾರನ್ನು.
ಮಿಸ್ಸು ಮೊಬೈಲನ್ನು ಬೋರಲು ಹಾಕಿದರು.

ಬ್ರಿಡ್ಜಿಗೆ ಚಕ್ರ ಹತ್ತಿತು. ಕೆಂಪು ಅಂಕಿ
ಏರಿ, ತಡವರಿಸಿ, ನಿಲ್ಲುವುದಕ್ಕೆ ಜಾಗ ಹುಡುಕುತ್ತಿತ್ತು.
ಅದನ್ನೇ ನೋಡುತ್ತಾ ಹೇಳಿಬಿಟ್ಟೆ:
ಸಾವಿರದ ಎಂಟುನೂರು, ಮಿಸ್.

"ಖಾಲಿ ಪಿಕಪ್ಪಾ?"

ಅಲ್ಲ. ನಂದು.

ಅವರು ಕೋಲು ಹಿಡಿದು ಎದ್ದರು.
ಉಳಿದ ನಾಲ್ಕು ಕಾಳನ್ನು
ನನ್ನ ಚಹಾದ ಲೋಟದ ಪಕ್ಕಕ್ಕೆ ಸರಿಸಿ,
"ಕುಟ್ಟಿ ಹಾಕಿ ಕುಡಿ, ಗಂಟಲಿಗೆ ಒಳ್ಳೆಯದು,"
ಎಂದು ಬೆಳಕಾಗದ ರಸ್ತೆಗೆ ಇಳಿದರು.