ಬಂದದ್ದು

ಡುಲೂತ್‌ನ ಲೈಬ್ರರಿ, ಮಾರ್ಚಿನ ಶನಿವಾರ.
ಸರೋವರವೆಂದು ಕರೆಯುವ ಆ ಕಡಲು ಇನ್ನೂ ಹೆಪ್ಪುಗಟ್ಟಿದೆ.
ಪುಕ್ಕಟೆ ತೆರಿಗೆ ಬರೆದುಕೊಡುವ ನನ್ನ ಮೇಜಿನ ಮೇಲೆ
ಐಲಿ ನಿಯೆಮಿ ಬೂಟಿನ ಡಬ್ಬಿ ಬೋರಲು ಹಾಕಿದಳು.

ಪ್ಯಾನ್‌ಕೇಕ್ ಅಂಗಡಿಯ ಸಂಬಳ, ಬರೆದೆ.
ತಟ್ಟೆಯಡಿ ಸಿಕ್ಕ ಚಿಲ್ಲರೆ? ಅದೂ ಸೇರುತ್ತದೆ ಎಂದೆ.
"ಸಿರಪ್ಪಿಗೆ ಅಂಟಿಕೊಂಡ ನಾಣ್ಯವನ್ನೂ ಎಣಿಸಲೇ?"
ಬ್ಯಾಂಕಿನ ಬಡ್ಡಿ, ನಾಲ್ಕು ಡಾಲರು ಹನ್ನೊಂದು ಸೆಂಟು.
ಅಟ್ಟದ ಕೋಣೆಯ ಬಾಡಿಗೆ;
ಹುಡುಗ ಎರಡು ತಿಂಗಳದ್ದು ಕೊಟ್ಟೇ ಇಲ್ಲವಂತೆ.
ಬಾರದ್ದು ವರಮಾನವಲ್ಲ, ಬಿಟ್ಟೆ.

ಆಮೇಲೆ ಒಂದು ಹಳದಿ ಕಾಗದ.
ಅದಿರು ಹೇರುವ ಧಕ್ಕೆಯಲ್ಲಿ
ಗಂಡನ ಎರಡು ಬೆರಳು ಹೋದದ್ದಕ್ಕೆ
ಪರಿಹಾರದ ಕೊನೆಯ ಕಂತು.
"ಇದು ಬೇಡ. ಕಳೆದದ್ದರ ಬದಲಿಗೆ ಬಂದದ್ದು
ಗಳಿಕೆಯಲ್ಲ ಅನ್ನುತ್ತದೆ ಕಾನೂನು."

"ಮತ್ತೆ ಇದು?"
ಅವನು ಹೋದ ಮೇಲೆ ಅವಳ ಹೆಸರಿಗೆ ಬಂದ ಪಿಂಚಣಿ.
"ಇದು ಲೆಕ್ಕಕ್ಕೆ ಬರುತ್ತದೆ."

ಅವಳು ತನ್ನ ಎರಡು ಬೆರಳು ಮಡಚಿ ನೋಡಿದಳು.
"ಬೆರಳಿಗೆ ಬಿಟ್ಟರು," ಅಂದಳು.
"ಆಳಿಗೆ ಬಿಡಲಿಲ್ಲ."

ನನ್ನ ಕೈಪಿಡಿಯಲ್ಲಿ ಅದಕ್ಕೆ ಪುಟವಿಲ್ಲ.
ಹೀಟರು ಟಿಕ್ ಟಿಕ್ ಅನ್ನುತ್ತಿತ್ತು.
ಅಂಕಿ ಒತ್ತಿದೆ.

ಕೊನೆಗೆ ಇನ್ನೂರ ಹನ್ನೆರಡು ಡಾಲರು ವಾಪಸು ಬರುವುದಿತ್ತು.
"ಇದಕ್ಕೂ ತೆರಿಗೆಯೇ?"
ಇಲ್ಲ ಎಂದೆ, ನಿಮ್ಮದೇ ನಿಮಗೆ ಮರಳಿದರೆ
ಅದಕ್ಕೆ ವರಮಾನ ಅನ್ನುವುದಿಲ್ಲ.

"ಹಾಗಾದರೆ ಏನನ್ನುತ್ತಾರೆ?"
ಡಬ್ಬಿಯ ಮುಚ್ಚಳ ಹುಡುಕುತ್ತಾ ಕೇಳಿದಳು.
ಅದು ನನ್ನ ಕಾಲ ಬಳಿ ಬಿದ್ದಿತ್ತು.
ಬಗ್ಗಿದೆ; ಎತ್ತಿಕೊಡಲು ಬೇಕಾದ್ದಕ್ಕಿಂತ
ತುಸು ಹೆಚ್ಚೇ ಹೊತ್ತು.